ಜವಳು, ಬಟ್ಟೆಯಲ್ಲ

ಜೂನ್ ಐದು, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ನನ್ನ ಸೋದರತ್ತೆಯ ಹೊಲದಲ್ಲಿ ಪರಿಸರ ರಕ್ಷಣೆ ಶುರುವಾಯಿತು. ಒಂಬತ್ತಕ್ಕೇ ಶುರುವಾಗಬೇಕಿತ್ತು, ಆದರೆ ಅತಿಥಿಗಳು ಬರುವವರೆಗೆ ಪರಿಸರ ಕಾಯಬೇಕಾಯಿತು. ಹತ್ತು ಐವತ್ತೈದಕ್ಕೆ ಮುಗಿಯಿತು. ಒಟ್ಟು ಮೂವತ್ತೈದು ನಿಮಿಷ. ಭಾಷಣಕ್ಕೆ ಇಪ್ಪತ್ತೊಂದು, ಫೋಟೊಕ್ಕೆ ಒಂಬತ್ತು, ಗಿಡ ನೆಡುವುದಕ್ಕೆ ಐದು.

ಇಷ್ಟು ಬಿಡಿಬಿಡಿಯಾಗಿ ಬರೆದಿಟ್ಟದ್ದು ಯಾರ ಮೇಲಿನ ಸಿಟ್ಟಿನಿಂದಲೂ ಅಲ್ಲ, ಕೈಗೆ ಹತ್ತಿದ ಚಾಳಿಯಿಂದ. ನಮ್ಮದು ಬನಹಟ್ಟಿಯ ನೇಕಾರರ ಮನೆ. ನಾಲ್ಕು ಪವರ್‌ಲೂಮ್ ಇವೆ. ಯಾವ ಮಗ್ಗ ಇವತ್ತು ಎಷ್ಟು ಮೀಟರ್ ನೇಯಿತು, ಎಷ್ಟು ಸಲ ನಿಂತಿತು, ಎಳೆ ಎಷ್ಟು ಸಲ ಹರಿಯಿತು ಎಂದು ಬರೆದಿಡುವ ಕೆಲಸ ಹತ್ತನೆಯ ತರಗತಿಯಿಂದ ನನ್ನದು. ಹೀಗಾಗಿ ಏನು ಕಂಡರೂ ಮೊದಲು ಎಣಿಸುತ್ತೇನೆ, ಅರ್ಥ ಆಮೇಲೆ ಹುಡುಕುತ್ತೇನೆ.

ಅತ್ತೆಯ ಹೊಲ ಇರುವುದು ಮುಧೋಳ ತಾಲೂಕಿನಲ್ಲಿ, ರನ್ನ ಬೆಳಗಲಿಯ ಕಡೆ. ನೀರಿಲ್ಲದೆ ಹಾಳಾದ ಹೊಲದ ಸುದ್ದಿ ಎಲ್ಲರಿಗೂ ಗೊತ್ತು. ಇದು ನೀರು ಹೆಚ್ಚಾಗಿ ಹಾಳಾದ ಹೊಲ. ಕಾಲುವೆ ಬಂತು, ಕಬ್ಬು ಬಂತು, ಕಬ್ಬಿಗೆ ನೀರು ಬಿಟ್ಟಷ್ಟೂ ಒಳ್ಳೆಯದು ಎಂಬ ನಂಬಿಕೆಯೂ ಬಂತು. ಎರೆಮಣ್ಣು ಕುಡಿದಷ್ಟು ಕುಡಿಯಿತು. ಉಳಿದ ನೀರಿಗೆ ಹೊರಗೆ ಹೋಗುವ ದಾರಿ ಇರಲಿಲ್ಲ. ಅದು ನೆಲದೊಳಗೇ ನಿಂತು, ಕೆಳಗಿದ್ದ ಉಪ್ಪನ್ನು ಹೊತ್ತುಕೊಂಡು ಮೇಲೆ ಬಂತು. ಬಿಸಿಲಿಗೆ ನೀರು ಹಾರಿಹೋಯಿತು, ಉಪ್ಪು ಉಳಿಯಿತು. ಅಂಥ ನೆಲಕ್ಕೆ ಸವಳು-ಜವಳು ಎನ್ನುತ್ತಾರೆ. ಸವಳು ಎಂದರೆ ಮೇಲೆ ಕಟ್ಟಿದ ಉಪ್ಪು. ಜವಳು ಎಂದರೆ ಕೆಳಗೆ ನಿಂತು ಜಿನುಗುವ ನೀರು. ಅತ್ತೆಯ ಹೊಲದ ತಗ್ಗಿನ ಭಾಗ ಹೀಗೆ ಬೆಳ್ಳಗಾಗಿತ್ತು. ಮಳೆ ಬಂದ ವಾರ ಬಿಳುಪು ಕಾಣುತ್ತಿರಲಿಲ್ಲ. ಬಿಸಿಲು ಬಿದ್ದ ಮೂರನೆಯ ದಿನಕ್ಕೆ, ಮೇಲಿನ ಸಾಹೇಬರು ಹೋದಮೇಲೆ ಕಚೇರಿ ತನ್ನ ಹಳೆಯ ರೂಪಕ್ಕೆ ಮರಳುವ ಹಾಗೆ, ಮತ್ತೆ ಹಾಜರಾಗುತ್ತಿತ್ತು.

ಗಿಡ ನೆಟ್ಟದ್ದು ಸರಿಯಾಗಿ ಆ ಬಿಳಿ ನೆಲದಲ್ಲಿ. ಅಲ್ಲಿ ಬೆಳೆ ಇರಲಿಲ್ಲವಾದ್ದರಿಂದ ಜಾಗ ಖಾಲಿ ಇತ್ತು, ಫೋಟೊಕ್ಕೆ ಬೆಳಕೂ ಛಂದ ಬೀಳುತ್ತಿತ್ತು. ಬ್ಯಾನರಿನಲ್ಲಿ ‘ನಲವತ್ತು ಸಸಿ’ ಎಂದಿತ್ತು, ಎಣಿಸಿದರೆ ಮೂವತ್ತೊಂಬತ್ತು ಇದ್ದವು. ನಾನು ಮೂರು ಸಲ ಎಣಿಸಿದ್ದನ್ನು ನೋಡಿ ಅತ್ತೆಗೆ ರೇಗಿತು.

"ಒಂದ ಕಮ್ಮಿ ಬಿದ್ದರ ಏನ್ ಜಗ ಮುಳಗತೈತೇನ ಬೇ? ತಡಿ, ನಿನ್ನ ಲೆಕ್ಕಾ ತುಂಬಸ್ತೀನಿ" ಎಂದವಳೇ ಬೇಲಿಯ ಬುಡದಲ್ಲಿ ತಾನಾಗಿ ಹುಟ್ಟಿದ್ದ ಒಂದು ಹುಲಗಲದ ಸಸಿ ಕಿತ್ತು ತಂದು ನಲವತ್ತನೆಯ ಗುಂಡಿಯಲ್ಲಿ ನಿಲ್ಲಿಸಿದಳು. ಬೇರೆ ಕಡೆಯವರು ಅದಕ್ಕೆ ಹೊಂಗೆ ಎನ್ನುತ್ತಾರೆ.

ಐವತ್ತೆರಡು ಜನ ಕೈ ಮುಂದೆ ಮಾಡಿ ಪ್ರತಿಜ್ಞೆ ತೆಗೆದುಕೊಂಡರು. ಗಿಡಕ್ಕೆ ನೀರು ಹಾಕುವವರು ಯಾರು ಎಂಬುದು ಪ್ರತಿಜ್ಞೆಯಲ್ಲಿರಲಿಲ್ಲ.

ಸಸಿಗಳಿಗಿಂತ ಹೆಚ್ಚಿನ ಚಿಂತೆ ಅತ್ತೆಗೆ ಬಾವಿಯದಿತ್ತು. ಹೊಲದ ಮೇಲ್ಭಾಗದಲ್ಲಿ ಒಂದು ಸಿಹಿನೀರಿನ ಬಾವಿ ಇದೆ. ಅತ್ತೆಯ ಮನೆಯೂ ಸೇರಿ ಐದು ಮನೆಗಳ ಕುಡಿಯುವ ನೀರು ಅದೇ. ಸವಳು ವರ್ಷವರ್ಷ ಅದರ ಕಡೆಗೆ ಸರಿಯುತ್ತಿತ್ತು. ನಮ್ಮ ಬಟ್ಟೆ ಅಳೆಯುವ ಮೀಟರ್ ಕೋಲು ತೆಗೆದುಕೊಂಡು ಹೋಗಿ ಅವತ್ತೇ ಅಳೆದೆ. ಸವಳಿನ ಅಂಚಿನಿಂದ ಬಾವಿಯ ಕಟ್ಟೆಗೆ ಮೂವತ್ತೊಂದು ಮೀಟರ್.

"ಕೋಲು ಬ್ಯಾಡ, ಕುಕ್ಕರ್ ಕೇಳು" ಅಂದಳು ಅತ್ತೆ. "ಹ್ವಾದ ವರ್ಷ ಈ ಬಾವಿ ನೀರಾಗ ತೊಗರಿಬ್ಯಾಳಿ ಮೂರ ಸೀಟಿಗೆ ಕುದಿತಿತ್ತು. ಈಗ ನಾಕ ಬೇಕು. ನೀರು ಕೆಡಾಕತ್ತೈತಿ ಅನ್ನೂದು ಮೊದಲು ಬ್ಯಾಳಿಗೆ ಗೊತ್ತಾಗತೈತಿ, ಆಮ್ಯಾಲ ಮನಶ್ಯಾಗ."

ಅಂದಿನಿಂದ ಪ್ರತಿ ತಿಂಗಳ ಐದನೆಯ ತಾರೀಖು ಬಸ್ಸು ಹತ್ತಿ ಹೋಗಿ ಮೂರು ಅಂಕಿ ಬರೆಯತೊಡಗಿದೆ: ಬದುಕಿರುವ ಸಸಿ, ಬಾವಿಗೆ ಉಳಿದ ಮೀಟರು, ಬೇಳೆಯ ಸೀಟಿ. ಜುಲೈ ಐದು: ಹದಿನೇಳು, ಇಪ್ಪತ್ತೊಂಬತ್ತು, ನಾಲ್ಕು. ಆಗಸ್ಟ್ ಐದು: ಆರು, ಇಪ್ಪತ್ತೇಳು, ಐದು. ಬ್ಯಾನರ್ ಮಾತ್ರ ಹೊಸದರ ಹಾಗೇ ಇತ್ತು. ಅತ್ತೆ ಅದನ್ನು ಮೇವಿನ ಬಣವಿಗೆ ಹೊದಿಸಿದ್ದಳು. ಅವತ್ತು ಹೊಲಕ್ಕೆ ಬಂದ ವಸ್ತುಗಳಲ್ಲಿ ಮಣ್ಣು, ಬಿಸಿಲು, ಮಳೆ ಮೂರನ್ನೂ ತಡೆದುಕೊಂಡದ್ದು ಅದೊಂದೇ ಎಂದು ಆಗ ಬರೆದಿದ್ದೆ. ಅದು ಪೂರ್ತಿ ಸರಿಯಲ್ಲವೆಂದು ಆಮೇಲೆ ತಿದ್ದಬೇಕಾಯಿತು.

ಜುಲೈ ಹನ್ನೆರಡಕ್ಕೆ ನಾನೇ ಒಂದು ಅರ್ಜಿ ಬರೆದು ಒಂದು ಕಚೇರಿಗೆ ಕೊಟ್ಟೆ. ಯಾವ ಕಚೇರಿ ಎಂದು ಇಲ್ಲಿ ಬರೆಯುವುದಿಲ್ಲ. ಅರ್ಜಿಯಲ್ಲಿ ನನ್ನ ಬನಹಟ್ಟಿಯ ವಿಳಾಸ, ಅತ್ತೆಯ ಹೊಲದ ಗುರುತು, ಕೆಳಗೆ ಈ ವಾಕ್ಯ: ‘ಸದರಿ ಸ್ಥಳದಲ್ಲಿ ಬಿಳಿ ಜವಳು ಉದ್ದ ಮೂವತ್ತೆಂಟು ಮೀಟರ್, ಅಗಲ ಇಪ್ಪತ್ತು ಮೀಟರ್ ಇದ್ದು, ತಿಂಗಳಿಗೆ ಎರಡು ಮೀಟರಿನಂತೆ ಹೆಚ್ಚುತ್ತಿದೆ. ದಯವಿಟ್ಟು ಬಂದು ನೋಡಬೇಕು.’ ಸವಳು ಎಂಬ ಪದ ಬಿಟ್ಟದ್ದು ನನ್ನ ತಪ್ಪು. ಮಣ್ಣನ್ನು ಬಟ್ಟೆಯ ಹಾಗೆ ಉದ್ದ, ಅಗಲ, ಬಣ್ಣ ಹೇಳಿ ಬಣ್ಣಿಸಿದ್ದೂ ನನ್ನದೇ ತಪ್ಪು. ನೇಕಾರರ ಮನೆಯಲ್ಲಿ ಬೆಳೆದವರಿಗೆ ಬೇರೆ ಥರ ಬರೆಯಲು ಬರುವುದಿಲ್ಲ.

ಗುಮಾಸ್ತರು ಅರ್ಜಿಯ ಮೇಲೆ ಕಣ್ಣಾಡಿಸಿ, "ಬನಹಟ್ಟಿಯವರ? ತಿಳೀತ್ ಬಿಡ್ರಿ" ಎಂದರು. ಇಷ್ಟು ಬೇಗ ತಿಳಿದದ್ದು ಕಂಡು ನನಗೆ ಸಂತೋಷವಾಯಿತು. ಅವರಿಗೆ ಏನು ತಿಳಿದಿತ್ತೆಂಬುದು ನನಗೆ ತಿಳಿಯಲು ಎರಡು ತಿಂಗಳು ಬೇಕಾಯಿತು.

ಸೆಪ್ಟೆಂಬರ್ ಒಂಬತ್ತು, ಹನ್ನೊಂದು ಗಂಟೆ ನಲವತ್ತು. ಮೋಟರ್ ಸೈಕಲ್ ಮೇಲೆ ಒಬ್ಬ ಸಾಹೇಬರು ಬಂದರು. ಇಂಥ ದಿನ ಬರುತ್ತೇವೆ ಎಂದಷ್ಟೇ ಇದ್ದ ಪತ್ರ ಮೊದಲೇ ಬಂದಿತ್ತು, ಹಾಗಾಗಿ ನಾನೂ ಅಲ್ಲಿದ್ದೆ. ಅವರು ಗಾಡಿ ನಿಲ್ಲಿಸಿ ಸುತ್ತಲೂ ನೋಡಿದರು.

"ಮಗ್ಗ ಎಲ್ಲಿ ಅದಾವ್ರಿ?"

"ಯಾವ ಮಗ್ಗಾರೀ?" ಅಂದಳು ಅತ್ತೆ.

"ಅರ್ಜಿ ಕೊಟ್ಟೀರಲ್ರಿ! ಬಿಳಿ ಜವಳಿ, ಮೂವತ್ತೆಂಟು ಮೀಟರ್, ತಿಂಗಳಾ ಹೆಚ್ಚಾಗಾಕತ್ತೈತಿ ಅಂತ. ಇದ್ದದ್ದು ಕಮ್ಮಿ ಆಗೈತಿ ಅಂತ ಬರೀತಾರ ಎಲ್ಲಾರೂ. ಹೆಚ್ಚಾಗೈತಿ ಅಂತ ಬರದವ್ರು ಯಾರಪಾ, ನೋಡೂಣು ಅಂತ ಖುದ್ದ ಬಂದೇನ್ರಿ."

ನನಗೆ ಆಗ ಗೊತ್ತಾಯಿತು. ಯಾರೋ ಒಬ್ಬರು ‘ಜವಳು’ ಎಂಬುದರ ಕೊನೆಯ ಕೊಂಬು ತೆಗೆದು ಗುಡಿಸು ಹಾಕಿದ್ದರು. ಅರ್ಜಿ ಮಣ್ಣಿನವರನ್ನು ಬಿಟ್ಟು ಬಟ್ಟೆಯವರ ಕಚೇರಿಗೆ ಹೋಗಿತ್ತು.

ಅತ್ತೆ ಮಾತ್ರ ಕದಲಲಿಲ್ಲ. ತಗ್ಗಿನ ಕಡೆ ಕೈ ಮಾಡಿದಳು. "ಅಲ್ಲೈತಿ ನೋಡ್ರಿ ನಿಮ್ಮ ಮಾಲು. ಯಾರೂ ನೇಯಂಗಿಲ್ಲ, ತಾನ ಬೆಳೀತೈತಿ."

ಸಾಹೇಬರು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. "ಹಾಸೀರಲ್ರಿ ಬಟ್ಟಿ, ಒಣಾಕ."

"ಹತ್ರ ಹೋಗ್ರಿ."

ಅವರು ಹೋದರು. ಐದನೆಯ ಹೆಜ್ಜೆಗೆ ಬಲಗಾಲಿನ ಬೂಟು ಒಳಗಿಳಿಯಿತು. ಮೇಲೆ ಒಣಗಿ ಬೆಳ್ಳಗಿದ್ದ ನೆಲ ಕೆಳಗೆ ಹಸಿಯಾಗಿತ್ತು. ಬೂಟು ಕಿತ್ತುಕೊಂಡು, ಬೆರಳಿಗೆ ಹತ್ತಿದ ಬಿಳಿಪುಡಿಯನ್ನು ನಾಲಿಗೆಗೆ ತಾಗಿಸಿ ಮುಖ ಕಿವುಚಿದರು. "ಇದು ನಮ್ಮ ಇಲಾಖೆದಲ್ರಿ" ಎಂದರು. ಇಲಾಖೆಯನ್ನು ನಾಲಿಗೆಯಿಂದ ಗುರುತಿಸಿದ ಅಧಿಕಾರಿಯನ್ನು ನಾನು ನೋಡಿದ್ದು ಅದೇ ಮೊದಲು.

ಹೋಗಿಬಿಡುತ್ತಾರೆ ಅಂದುಕೊಂಡೆ, ಹೋಗಲಿಲ್ಲ. ಅತ್ತೆ ಕೊಟ್ಟ ಚಹಾ ಕುಡಿಯುತ್ತ, "ಯಾಕ ಹಿಂಗಾತ್ರಿ?" ಎಂದು ಕೇಳಿದರು. ಪರಿಸರ ದಿನದ ಐವತ್ತೆರಡು ಜನರಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ.

"ಸಾಹೇಬರ, ಮನಶ್ಯಾಗ ಎರಡ ದಿನಾ ಉಚ್ಚಿ ಬರಲಿಲ್ಲಂದ್ರ ಏನ್ ಮಾಡ್ತೀರಿ?"

ಅವರು ನನ್ನ ಕಡೆ ನೋಡಿ ಸಂಕೋಚಪಟ್ಟರು. "ದವಾಖಾನಿಗೆ ಒಯ್ತೇವ್ರಿ."

"ಈ ಹೊಲಕ್ಕ ಇಪ್ಪತ್ತ ವರ್ಷ ಆತು. ಇಲ್ಲೊಂದು ಹಳ್ಳ ಇತ್ರಿ. ಮ್ಯಾಲಿನ ಹೊಲದ ನೀರೆಲ್ಲಾ ಅದರಾಗ ಬಸದ ಹೊಳಿಗೆ ಹೋಕ್ಕಿತ್ತು. ಒಬ್ಬೊಬ್ರು ಒಂದೊಂದ ಸಾಲ ಕಬ್ಬು ಮುಂದ ತಂದ್ರು. ಹಳ್ಳ ಕಾಲಿವಿ ಆತು, ಕಾಲಿವಿ ಗೆರಿ ಆತು, ಈಗ ಗೆರಿನೂ ಇಲ್ಲ. ಕುಡಸೂದು ಕುಡಸೇವಿ, ಹೊರಗ ಹೋಗೂ ಹಾದಿ ಮುಚ್ಚೇವಿ. ಹೊಲಾ ಉಬ್ಬದ ಏನ್ ಮಾಡತೈತ್ರಿ?"

ಹದಿನಾಲ್ಕು ದಿನದ ಮೇಲೆ ಅವರ ವರದಿಯ ಪ್ರತಿ ಬಂತು. ‘ಖುದ್ದು ಭೇಟಿ ನೀಡಲಾಗಿ ಸದರಿ ಸ್ಥಳದಲ್ಲಿ ಯಾವುದೇ ಮಗ್ಗ ಕಂಡುಬಂದಿರುವುದಿಲ್ಲ. ಜವಳಿ ಇರುವುದಿಲ್ಲ, ಜವಳು ಇರುತ್ತದೆ. ನೀರು ಹೊರಹೋಗಲು ಹಳ್ಳವಿದ್ದು, ಸದರಿ ಹಳ್ಳವು ಇರುವುದಿಲ್ಲ.’ ಕೆಳಗೆ ಸಹಿ, ದುಂಡನೆಯ ಸೀಲು. ಸವಳಿನ ಬಗ್ಗೆ ಇದಕ್ಕಿಂತ ಚಿಕ್ಕದಾಗಿ, ಇದಕ್ಕಿಂತ ಸರಿಯಾಗಿ ಯಾರೂ ಬರೆದದ್ದು ನಾನು ಓದಿಲ್ಲ. ಬರೆದವರು ಬಟ್ಟೆಯವರು.

ಆ ಸೀಲು ಮಾಡಿದ ಕೆಲಸ ನಾವು ಯಾರೂ ಮಾಡಿರಲಿಲ್ಲ. ಅತ್ತೆಯ ಹೊಲದ ಕೆಳಗೆ ಒಬ್ಬ ಕಾಕಾನ ಹೊಲವಿದೆ. ಹಳ್ಳದ ಮಾತು ತೆಗೆದಾಗಲೆಲ್ಲ ಅವನಿಗೆ ಎಲ್ಲೋ ತುರ್ತು ಕೆಲಸ ನೆನಪಾಗುತ್ತಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವನಿಗೆ ನೆನಪಾದ ಕೆಲಸಗಳು ಎಂಟು. ಅದರಲ್ಲಿ ಮೂರು ಬಾರಿ ಅದೇ ಎಮ್ಮೆ ಈಯುವುದಿತ್ತು. ಕಾಗದ ತೋರಿಸಿದಾಗ ಅವನು ಅಕ್ಷರ ಬಿಟ್ಟು ಸೀಲನ್ನಷ್ಟೇ ಓದಿದ.

"ಸರ್ವೇದವ್ರು ಬರ್ತಾರೇನ ಅಕ್ಕಾ?"

"ಬರಬಹುದು" ಎಂದಳು ಅತ್ತೆ. ಬರುವುದಿಲ್ಲವೆಂದು ಯಾವ ಕಾಗದದಲ್ಲೂ ಬರೆದಿರಲಿಲ್ಲ.

"ಅವ್ರ ಬರೂಕಿಂತ ಮೊದಲ ನಾವ ಅಳದ ಬಿಡೂಣು ಮತ್ತ."

ಅಕ್ಟೋಬರ್ ಐದರ ಅಂಕಿ: ಸಸಿ ಒಂದು, ಬಾವಿಗೆ ಇಪ್ಪತ್ತೆರಡು ಮೀಟರ್, ಬೇಳೆ ಏಳು ಸೀಟಿ. ಆ ಒಂದು ಸಸಿ ಯಾವುದೆಂದು ಹತ್ತಿರ ಹೋಗಿ ನೋಡಿದೆ. ನಲವತ್ತನೆಯ ಗುಂಡಿಯದು. ಬೇಲಿಯಿಂದ ಕಿತ್ತು ತಂದ ಹುಲಗಲ. ಕಾರ್ಯಕ್ರಮದವರು ಕೊಟ್ಟ ಮೂವತ್ತೊಂಬತ್ತರಲ್ಲಿ ಉಳಿದದ್ದು ಸೊನ್ನೆ. ಈ ಮಣ್ಣನ್ನು ಮೊದಲಿನಿಂದ ಬಲ್ಲ ಗಿಡ ಅದೊಂದೇ ಇತ್ತು, ಅದಕ್ಕೆ ಆಮಂತ್ರಣ ಇರಲಿಲ್ಲ.

ಅಕ್ಟೋಬರ್ ಹನ್ನೆರಡು, ಬೆಳಿಗ್ಗೆ ಏಳೂವರೆಗೆ ಅಳತೆ. ಕಾಕಾ ಒಂದು ತುದಿಯಲ್ಲಿ, ನಾನು ಮೀಟರ್ ಕೋಲು ಹಿಡಿದು ನಡುವೆ, ಅತ್ತೆ ಬದುವಿನ ಮೇಲೆ. ಹಳ್ಳ ಎಷ್ಟು ಅಗಲವಿತ್ತು ಎಂಬುದಕ್ಕೆ ಆ ದಂಡೆಯ ಹಳೆಯ ಬೇವಿನ ಮರ ಗುರುತು. ಈ ದಂಡೆಗೆ ಅತ್ತೆಯ ಹೊಲದ ಮೂಲೆಯ ಕರಿಕಲ್ಲು ಗುರುತು.

"ನಿನ್ನ ಕೋಲ ಮ್ಯಾಲ ನಂಗ ನಂಬಿಗಿಲ್ಲ ನೋಡ ತಂಗಿ" ಎಂದ ಕಾಕಾ. "ಬಟ್ಟಿ ಅಂಗಡಿ ಕೋಲು. ಕೊಡೂವಾಗ ಗಿಡ್ಡ, ತಗೊಳ್ಳೂವಾಗ ಉದ್ದ."

"ನಿನ್ನ ಕಬ್ಬಿನಂಗ ಕಾಲ ಇಲ್ಲ ಬಿಡ ಕಾಕಾ ಇದಕ್ಕ. ಇಟ್ಟಲ್ಲೇ ಇರತೈತಿ."

ಅತ್ತೆ ನಕ್ಕಳು. ಕಾಕಾನೂ ನಕ್ಕ. ಅವನ ಕಬ್ಬು ಹಳ್ಳದೊಳಗೆ ಎರಡು ಮೀಟರ್ ಬಂದಿತ್ತು. ಅವನ ಕೆಳಗಿನವರದು ಒಂದೂವರೆ, ಅದರ ಕೆಳಗಿನವರದು ಎರಡೂಕಾಲು. ಬರೆದುಕೊಂಡೆ. ಕೊನೆಗೆ ಅತ್ತೆಯ ಕಡೆ ಅಳೆದೆ. ಕಬ್ಬು ಕರಿಕಲ್ಲಿಗೆ ಸರಿಯಾಗಿ ನಿಂತಿತ್ತು. ‘ಅತ್ತೆ: ಸೊನ್ನೆ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ಕಾಕಾ ಕಲ್ಲನ್ನೇ ನೋಡುತ್ತ ನಿಂತ.

ಅತ್ತೆ ಎಲೆ-ಅಡಿಕೆಯ ಚೀಲ ತೆಗೆದಳು, ಹಾಕಿಕೊಳ್ಳದೆ ಮತ್ತೆ ಕಟ್ಟಿದಳು.

"ಸೊನ್ನಿ ಹೊಡದ ಹಾಕು."

"ಯಾಕ ಅತ್ತಿ? ಕಲ್ಲಿಗೆ ಸರಿ ಐತಿ."

"ಕಲ್ಲಿಗೆ ಸರಿ ಐತಿ. ಕಲ್ಲ ಸರಿ ಇಲ್ಲ. ನಿಮ್ಮ ಮಾವ ಸರಿಸಿದ್ದು ಅದನ್ನ. ಒಬ್ಬ ಮನಶ್ಯಾಗ ಏಳೂ ಕಲ್ಲೇನ ಅದು? ಈ ಕಡಿ ತುದಿ ನಾನ ಹಿಡದಿದ್ದೆ."

ಶಾಲೆಯ ರಜೆಯಲ್ಲಿ ಬಂದಾಗಲೆಲ್ಲ ಆ ಕಲ್ಲಿನ ಮೇಲೆ ಕೂತು ಕಬ್ಬು ತಿಂದವಳು ನಾನು. ಅದು ಹುಟ್ಟಿದಾಗಿನಿಂದ ಅಲ್ಲೇ ಇದೆ ಎಂದುಕೊಂಡಿದ್ದೆ. ಅತ್ತೆ ಎದ್ದು ಹೋಗಿ ಕಬ್ಬಿನೊಳಗೆ ನುಗ್ಗಿ, ಕಾಲಿನಿಂದ ನೆಲ ಕೆದರಿ, ಹಳೆಯ ಜಾಗ ತೋರಿಸಿದಳು. ಅಳೆದೆ. ನಾಲ್ಕು ಮೀಟರ್. ಎಲ್ಲರಿಗಿಂತ ಹೆಚ್ಚು, ಎಲ್ಲರಿಗಿಂತ ಮೊದಲು.

ಸೊನ್ನೆಯನ್ನು ಹೊಡೆದು ನಾಲ್ಕು ಬರೆದೆ. ನಾಲ್ಕು ತಿಂಗಳಿಂದ ಮಂದಿಯ ಫೋಟೊ, ಭಾಷಣ, ಪ್ರತಿಜ್ಞೆ ಎಣಿಸಿ ನಕ್ಕಿದ್ದ ಪುಸ್ತಕದಲ್ಲಿ ನಮ್ಮ ಮನೆಯ ಲೆಕ್ಕವೇ ತಪ್ಪಿತ್ತು. ಹೊಡೆದು ಹಾಕಿದ ಆ ಸೊನ್ನೆ ಈಗಲೂ ಹಾಗೇ ಇದೆ.

"ನನಗ ಗೊತ್ತಿತ್ತ ಅಕ್ಕಾ" ಎಂದ ಕಾಕಾ, ಮೆಲ್ಲಗೆ.

"ಗೊತ್ತಿದ್ದರ ಆವತ್ತ ಜಗಳ ತಗೀಬೇಕಾಗಿತ್ತಪಾ."

"ತಗೀಬೇಕಂತಿದ್ದೆ. ಆಮ್ಯಾಲ, ನೀವ ಮಾಡೀರಂದ ಮ್ಯಾಲ ನಾನೂ ಮಾಡಬಹುದಲ್ಲಾ ಅನಿಸ್ತು."

ಒಂದು ಹಳ್ಳ ಹೇಗೆ ಸಾಯುತ್ತದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಲು ನನಗೆ ಬರುವುದಿಲ್ಲ.

ನವೆಂಬರ್ ಎರಡರಂದು ಅತ್ತೆ ತನ್ನ ಮೂರು ಸಾಲು ಕಬ್ಬು ಕಡಿಸಿದಳು. ಕಾರ್ಖಾನೆಯ ಪಾಳಿ ಇನ್ನೂ ಬಂದಿರಲಿಲ್ಲ, ಹಾಗಾಗಿ ಕಬ್ಬೆಲ್ಲ ಐದೂ ಮನೆಗಳ ಎಮ್ಮೆಗಳಿಗೆ ಹೋಯಿತು. ಸಲಿಕೆ ಹಿಡಿಯಲು ಬಂದವರು ಏಳು ಜನ, ಬಾವಿಯ ನೀರು ಕುಡಿಯುವ ಮನೆಯವರೇ. ಪ್ರತಿಜ್ಞೆಯವರು ಐವತ್ತೆರಡು, ಸಲಿಕೆಯವರು ಏಳು; ಎರಡೂ ಪಟ್ಟಿಯಲ್ಲಿ ಇದ್ದ ಹೆಸರು ಒಂದೂ ಇಲ್ಲ. ಮೂರು ದಿನಕ್ಕೆ ಅತ್ತೆಯ ಹೊಲದುದ್ದಕ್ಕೂ ಹಳ್ಳ ತೆರೆಯಿತು. ನಾಲ್ಕನೆಯ ದಿನ ಬೆಳಿಗ್ಗೆ ನೋಡಿದರೆ ಬದುವಿನಿಂದ ನೀರು ಜಿನುಗಿ ಇಳಿದು, ಕಾಕಾನ ಕಬ್ಬಿನ ತುದಿಗೆ ಬಂದು ನಿಂತಿತ್ತು.

ಕಾಕಾ ಓಡಿ ಬಂದ. "ಅಕ್ಕಾ, ನಿನ್ನ ನೀರು ನನ್ನ ಹೊಲದ ಮುಂದ ನಿಂತೈತಿ!"

"ನಂದಲ್ಲೋ ತಮ್ಮಾ ಅದು. ಹಾದಿ ಕೇಳಾಕ ನಿಂತೈತಿ. ಇಪ್ಪತ್ತ ವರ್ಷಾ ನನ್ನ ಮುಂದ ನಿಂತಿತ್ತು, ಈಗ ನಿನ್ನ ಮುಂದ ಬಂದೈತಿ. ಕೊಡ್ತಿಯೋ, ನಿಂದೂ ಬೆಳ್ಳಗ ಮಾಡ್ಕೋತಿಯೋ?"

ಅವನು ಆವತ್ತು ಎಮ್ಮೆ ಈಯುವುದನ್ನು ನೆನಪಿಸಿಕೊಳ್ಳಲಿಲ್ಲ. ಹದಿನೇಳಕ್ಕೆ ತನ್ನ ಪಾಲು ತೆರೆದ. ಆಗ ನೀರು ಅವನ ಕೆಳಗಿನವರ ಬಾಗಿಲಿಗೆ ಹೋಗಿ ನಿಂತಿತು, ಅವರೂ ತೆರೆದರು. ಅರ್ಜಿ, ಭಾಷಣ, ಪತ್ರಗಳಿಗಿಂತ ಆ ನೀರು ಹೆಚ್ಚು ಚೊಕ್ಕಟವಾಗಿ ಕೆಲಸ ಮಾಡಿತು. ಅದಕ್ಕೆ ಯಾವ ಇಲಾಖೆಗೆ ಹೋಗಬೇಕೆಂಬ ಗೊಂದಲ ಇರಲಿಲ್ಲ. ತಗ್ಗು ಎಲ್ಲಿದೆಯೋ ಅಲ್ಲಿಗೆ ಹೋಗುತ್ತಿತ್ತು.

ಇಷ್ಟಾದರೂ ಗೆದ್ದೆವು ಎಂದು ಬರೆಯಲಾರೆ. ಹಳ್ಳ ರಸ್ತೆ ದಾಟುವಲ್ಲಿ ಒಂದು ಪೈಪು ಇದೆ, ಮುಕ್ಕಾಲು ಹೂಳು ತುಂಬಿದೆ. ನಾವು ಕೈ ಹೋಗುವಷ್ಟು ತೆಗೆದೆವು, ಉಳಿದದ್ದಕ್ಕೆ ರಸ್ತೆ ಅಗೆಯಬೇಕು. ಅದು ಯಾವ ಕಚೇರಿಗೆ ಸೇರಿದ್ದೆಂದು ಎರಡು ಕಡೆ ಕೇಳಿದೆ. ಇಬ್ಬರೂ ಇನ್ನೊಬ್ಬರದು ಎಂದರು. ಹೊಸ ಅರ್ಜಿ ಕೊಟ್ಟಿದ್ದೇನೆ. ಈ ಸಲ ‘ಸವಳು-ಜವಳು’ ಎಂದು ಪೂರ್ತಿ ಬರೆದು, ಮುಂದೆ ಕಂಸದಲ್ಲಿ ‘ಬಟ್ಟೆಯಲ್ಲ’ ಎಂದೂ ಸೇರಿಸಿದೆ. ಅತ್ತೆ ಕಬ್ಬಿಗೆ ನೀರು ಬಿಡುವುದನ್ನು ಅರ್ಧಕ್ಕರ್ಧ ಇಳಿಸಿದ್ದಾಳೆ. ಬಿಳಿ ನೆಲದಲ್ಲಿ ಮುಂದಿನ ಮಳೆಗೆ ಸೆಣಬು ಬಿತ್ತಿ, ಹೂ ಬರುವ ಮೊದಲೇ ಮಣ್ಣಿಗೆ ಸೇರಿಸುವ ಯೋಚನೆ ಇದೆ. ಜಿಪ್ಸಂ ಹಾಕಿ ಎಂದು ಕೆಲವರು ಹೇಳಿದರು. "ಮೊದಲ ಹಾದಿ, ಆಮ್ಯಾಲ ಔಷಧ" ಎಂದಿದ್ದಾಳೆ ಅತ್ತೆ. ಕರಿಕಲ್ಲನ್ನು ಹಳೆಯ ಜಾಗಕ್ಕೆ ಉರುಳಿಸಿದೆವು. ಈ ಸಲ ಒಂದು ತುದಿ ಕಾಕಾ ಹಿಡಿದ, ಇನ್ನೊಂದು ತುದಿ ನಾನು. ಅತ್ತೆ ದೂರ ನಿಂತು, "ಇನ್ನೊಂಚೂರ ಹಿಂದ, ಇನ್ನೊಂಚೂರ" ಅನ್ನುತ್ತಿದ್ದಳು.

ಹುಲಗಲದಲ್ಲಿ ಹೊಸ ಎಲೆ ಒಂಬತ್ತು.

ಡಿಸೆಂಬರ್ ಐದು: ಬಾವಿಗೆ ಇಪ್ಪತ್ತು ಮೀಟರ್, ಬೇಳೆ ಏಳು ಸೀಟಿ. ಜನವರಿ ಐದು: ಇಪ್ಪತ್ತು ಮೀಟರ್, ಏಳು ಸೀಟಿ. ಕೋಲು ತಪ್ಪಿತೇನೋ ಎಂದು ಎರಡನೆಯ ಸಲ ಅಳೆದೆ. ಇಪ್ಪತ್ತೇ. ಹಿಂದೆ ಸರಿದಿಲ್ಲ. ಆದರೆ ನಾನು ಬರೆಯಲು ಶುರು ಮಾಡಿದ ಮೇಲೆ ಎರಡು ತಿಂಗಳು ಆ ಅಂಕಿ ಒಂದೇ ಬಂದದ್ದು ಇದೇ ಮೊದಲು. ಅತ್ತೆಗೆ ತೋರಿಸಿದೆ. ಅವಳು ಪುಸ್ತಕ ನೋಡಲಿಲ್ಲ. ಕುಕ್ಕರಿನ ಮುಚ್ಚಳ ತೆಗೆದು ಒಂದು ಬೇಳೆ ಹಿಸುಕಿ, "ನಿಂತೈತಿ" ಎಂದಳು.

ತೆರೆದ ಹಳ್ಳದ ಅಂಚಿನಲ್ಲಿ ಡಿಸೆಂಬರ್ ಕೊನೆಗೆ ಒಂದು ಹುಲ್ಲು ತಾನಾಗಿ ಬಂದಿದೆ. ಕಾಂಡ ಗಟ್ಟಿ, ಎಲೆಯ ಅಂಚು ಒರಟು, ಕಿತ್ತರೆ ಬೇರಿಗೆ ಒಳ್ಳೆಯ ವಾಸನೆ. ಮೊದಲು ಹಳ್ಳದ ತುಂಬ ಅದೇ ಇತ್ತು, ತನ್ನ ಅತ್ತೆ ಅದನ್ನು ಕೊಯ್ದು ಕಸಬರಿಗೆ ಕಟ್ಟುತ್ತಿದ್ದಳು ಎನ್ನುತ್ತಾಳೆ ನನ್ನ ಅತ್ತೆ. ಹೆಸರು ಮಾತ್ರ ನೆನಪಾಗುತ್ತಿಲ್ಲ. ಜಮಖಂಡಿ, ಮುಧೋಳ, ಬೀಳಗಿ ಕಡೆಯ ಹಳ್ಳಗಳಲ್ಲಿ ಇಂಥ ಹುಲ್ಲು ಕಂಡವರು ಅದರ ಹೆಸರು ತಿಳಿಸಬೇಕು. ಇಂಥ ನೆಲವನ್ನು ತಿರುಗಿ ಸಿಹಿ ಮಾಡಿದವರು ಎಷ್ಟು ವರ್ಷ ಹಿಡಿಯಿತು, ಯಾವ ತಿಂಗಳಲ್ಲಿ ಏನು ಮಾಡಿದರು, ರಸ್ತೆಯ ಕೆಳಗಿನ ಪೈಪು ಯಾರ ಬಾಗಿಲಿಗೆ ಹೋದರೆ ತೆರೆಯುತ್ತದೆ ಎಂಬುದನ್ನು ನನಗೆ ಬರೆಯಬೇಕು. ‘ಜವಳು’ ಎಂದು ಬರೆಯುವಾಗ ಕೊಂಬನ್ನು ಸ್ವಲ್ಪ ದೊಡ್ಡದಾಗಿಯೇ ಹಾಕಿರಿ.